ನಿನ್ನ ಇಂಜಿನ್ನು ಹೊಳೆ ದಾಟಿತು

ಪ್ರೀತಿಯ ಅಣ್ಣಯ್ಯ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಬೈಯುವುದೆಲ್ಲ ಆಮೇಲೆ. ನಿನ್ನ ಇಂಜಿನ್ನು ತುಂಬಿದ ದೋಣಿಯನ್ನು ತಳ್ಳಿಕೊಂಡು ಹೊಳೆ ದಾಟಿತು. ಹುಟ್ಟು ಹಾಕದೆ, ಗಳ ಊರದೆ, ಮೈಸೂರು ಸೀಮೆಯ ದಡ ಮುಟ್ಟಿತು. ಈಗ ನಗು.

ಮಿಲಿಟರಿ ಹರಾಜಿನಲ್ಲಿ ಸಿಕ್ಕಿತು ಅಂತ ಅದನ್ನು ನೀನು ಗಾಡಿಯಲ್ಲಿ ಹೇರಿಕೊಂಡು ಬಂದ ದಿನ ನೆನಪಿದೆಯಾ? ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮಗ್ಗಗಳೆಲ್ಲ ನಿಂತುಹೋದವು. ನೇಕಾರನ ಮಗನಿಗೆ ದೋಣಿ ಯಾಕೆ ಅಂತ ಅಮ್ಮ ತಲೆ ಚಚ್ಚಿಕೊಂಡಳು. ದಾಸನಪುರದ ಹತ್ತಿರ ಹೊಳೆ ದಾಟಿದರೆ ಆಚೆ ದಡವೇ ಮೈಸೂರು ಸೀಮೆ, ನಮ್ಮ ಸೀರೆಗಳು ದೂರದ ಸೇತುವೆ ಬಳಸಿಕೊಂಡು ಎತ್ತಿನ ಗಾಡಿಯಲ್ಲಿ ಯಾಕೆ ಹೋಗಬೇಕು ಅಂತ ನಿನ್ನ ವಾದ. ದೋಣಿಯ ಹಿಂಬದಿಗೆ ಇಂಜಿನ್ನು ಬಿಗಿದು, ಒಬ್ಬನೇ ಕೂತು ಓಡಿಸಿ ತೋರಿಸಿದೆ. ಆಮೇಲೆ ಆ ಜ್ವರ. ಸೀರೆ ಗಂಟು ಹೇರಿಕೊಂಡು ಒಂದು ಸಲವಾದರೂ ದಾಟುವ ಮೊದಲೇ ನೀನು... ಅಷ್ಟು ಅವಸರ ಏನಿತ್ತು ನಿನಗೆ?

ನಿನ್ನ ಗೆಳೆಯ ಮುನಿಸ್ವಾಮಿ, ಅದೇ ಬಸ್ಸು ರಿಪೇರಿಯ ಮೆಕ್ಯಾನಿಕ್ಕು, ನಿನ್ನ ಜಾಗದಲ್ಲಿ ಕೂತು ಮೊದಲ ಸಲ ಸೀರೆ ಗಂಟುಗಳನ್ನೂ ಮಗ್ಗಗಳ ಯಜಮಾನರನ್ನೂ ಹತ್ತಿಸಿಕೊಂಡು ಹೊರಟಾಗ ಇಡೀ ಬೀದಿ ದಡದಲ್ಲಿತ್ತು. ದಡದ ಹತ್ತಿರ ಚೆನ್ನಾಗಿಯೇ ಹೋಯಿತು. ಸೆಳವು ಬಂತು ಅಂತ ಅವನು ವೇಗ ಕೊಟ್ಟದ್ದೇ ತಡ, ಇಂಜಿನ್ನು ಕಿರುಚತೊಡಗಿತು. ಕಿವಿ ಹರಿಯುವ ಸದ್ದು, ದೋಣಿ ಮಾತ್ರ ಮುಂದಕ್ಕೆ ಕದಲದು. ಸೆಳವಿಗೆ ಸಿಕ್ಕಿ ಎಷ್ಟೋ ದೂರ ಜಾರಿ, ಹುಟ್ಟು ಹಾಕಿಕೊಂಡು ವಾಪಸು ಬಂದರು. ಯಜಮಾನರಲ್ಲಿ ಹಿರಿಯರಾದ ಚನ್ನಪ್ಪನವರು, ಇನ್ನೊಂದು ಸಲ ನೋಡುತ್ತೇವೆ, ಆಗಲೂ ಹೀಗೇ ಆದರೆ ನಮ್ಮ ಸೀರೆ ಗಾಡಿಯಲ್ಲೇ ಹೋಗಲಿ ಅಂದರು. ಹನೂರಿನವನೊಬ್ಬ ಬಾವಿಯ ಪಂಪಿಗೆ ಕಟ್ಟಿಕೊಳ್ಳುತ್ತೇನೆ, ಇಂಜಿನ್ನು ಕೊಡುತ್ತೀರಾ ಅಂತ ಮನೆಗೇ ಬಂದ. ಯೋಚಿಸಿ ಹೇಳುತ್ತೇವೆ ಅಂತ ಅತ್ತಿಗೆ ಅವನನ್ನು ಸಾಗಹಾಕಿದಳು. ಇದನ್ನೂ ಕಳಿಸಿದರೆ ನಿಮ್ಮಣ್ಣನನ್ನು ಎರಡನೇ ಸಲ ಕಳಿಸಿದ ಹಾಗೆ ಅಂತ ನನ್ನ ಹತ್ತಿರ ಮಾತ್ರ ಹೇಳಿದಳು.

ಮುನಿಸ್ವಾಮಿ ನಮ್ಮ ಅಂಗಳದಲ್ಲಿ ಅದನ್ನು ಬಿಚ್ಚಿ ಹರಡಿದ್ದನ್ನು ನೀನು ನೋಡಬೇಕಿತ್ತು. ನೀರು ತಳ್ಳುವ ಫ್ಯಾನನ್ನು ಹಿಡಿದಿಡುವ ಪಿನ್ನು ಮುರಿದಿರಬೇಕು, ಅದಕ್ಕೇ ಇಂಜಿನ್ನು ಓಡುತ್ತೆ, ಫ್ಯಾನು ತಿರುಗಲ್ಲ ಅಂದ. ಪಿನ್ನು ಗಟ್ಟಿಯಾಗಿತ್ತು. ಜೊಂಡು ಸುತ್ತಿಕೊಂಡಿರಬೇಕು ಅಂದ. ಒಂದು ಎಳೆಯೂ ಇರಲಿಲ್ಲ. ಫ್ಯಾನಿನ ರೆಕ್ಕೆ ಸೊಟ್ಟಗಾಗಿದೆಯಾ ಅಂತ ಸವರಿ ನೋಡಿದ, ಅದೂ ಸರಿಯಿತ್ತು. ಕೊನೆಗೆ ನೂಲಿಗೆ ಬಣ್ಣ ಹಾಕುವ ನಮ್ಮ ತೊಟ್ಟಿಗೆ ನೀರು ತುಂಬಿಸಿ, ಅದರ ಅಂಚಿಗೆ ಇಂಜಿನ್ನು ಕಟ್ಟಿ ಓಡಿಸಿದ. ತೊಟ್ಟಿಯ ನೀರೆಲ್ಲ ಅಮ್ಮನ ಮೇಲೆ.

"ಇದ್ಕೇನೂ ಆಗಿಲ್ಲ ಕಣವ್ವ. ಇಲ್ಲಿ ಸರ್ಯಾಗೇ ಅದೆ, ಒಳೆಗೆ ಓದ್ರೆ ಮಾತ್ರ ರೋಗ ಬತ್ತದೆ," ಅಂತ ಕೈಚೆಲ್ಲಿದ.

ದಡದಲ್ಲಿ ನಿಂತು ನಾನು ಕಂಡಿದ್ದು ಆಗ ನೆನಪಾಯಿತು. ನೀನೊಬ್ಬನೇ ಓಡಿಸಿದಾಗ ದೋಣಿಯ ಮೂತಿ ಮೇಲೆದ್ದು, ಇಂಜಿನ್ನಿನ ಫ್ಯಾನು ಆಳಕ್ಕೆ ಮುಳುಗಿತ್ತು. ಗಂಟು ಹೇರಿದ ದಿನ ಮೂತಿ ಕೆಳಗೆ, ಹಿಂಬದಿ ಮೇಲೆ. ಫ್ಯಾನು ನೀರಿನ ಮೇಲ್ಗಡೆಯೇ ತಿರುಗುತ್ತಾ ಬಿಳೀ ನೊರೆ ಉಗುಳುತ್ತಿತ್ತು. ಯಾಕಿರಬಹುದು ಹೇಳು? ನಮ್ಮ ಜನ ನಿನಗೆ ಗೊತ್ತಲ್ಲ. ಮಗ್ಗದಿಂದ ಇಳಿದ ಸೀರೆ ಮುಂದೆಯೇ ಇರಬೇಕು, ಅದಕ್ಕೆ ಎಣ್ಣೆ ಹೊಗೆ ತಾಗಬಾರದು, ಕೊಳ್ಳುವವರ ಕೈಗೆ ಒಪ್ಪಿಸುವ ತನಕ ನೇಯಿಸಿದವನು ಗಂಟಿನ ಮೇಲಿಂದ ಕೈ ತೆಗೆಯಬಾರದು. ಹಾಗಾಗಿ ಗಂಟುಗಳ ಜೊತೆ ಯಜಮಾನರೆಲ್ಲರೂ ಮೂತಿಯಲ್ಲೇ ಒತ್ತೊತ್ತಿಗೆ ಕೂತಿದ್ದರು. ಹಿಂದುಗಡೆ ಕಡ್ಡಿಯಂಥ ಮುನಿಸ್ವಾಮಿ ಒಬ್ಬನೇ. ಫ್ಯಾನು ನೀರಿನ ಬದಲು ಗಾಳಿ ಎಳೆದುಕೊಂಡರೆ ಕಿರುಚದೆ ಇನ್ನೇನು ಮಾಡುತ್ತೆ? ನಾನು ಇಷ್ಟು ಹೇಳಿದ್ದಕ್ಕೆ ಮುನಿಸ್ವಾಮಿ ತೊಡೆ ತಟ್ಟಿಕೊಂಡು ಎದ್ದ.

ಎರಡನೇ ಸಲ ಹೊರಡುವಾಗ ಯಜಮಾನರೆಲ್ಲ ಹಿಂದೆ ಕೂರಬೇಕು ಅಂತ ಅವನು ಹೇಳಿದಾಗ ಅವರೆಲ್ಲ ಗಂಟುಗಳನ್ನು ಎದೆಗವಚಿಕೊಂಡರು. ಹಾಗಾದರೆ ಗಂಟಿನ ಮೇಲೆ ಕೈ ಇಡುವವರು ಯಾರು ಅಂತ ಕೇಳಿದರು. ತೂಕ ಕಡಿಮೆ ಇರುವವರು ಯಾರಾದರೂ ಅಂತ ಮುನಿಸ್ವಾಮಿ ಅಂದ. ನಾನು ಕೂರುತ್ತಿದ್ದೆ, ಆದರೆ ನಾನು ಮೈಕಟ್ಟಿನಲ್ಲಿ ಅಮ್ಮನ ಮಗಳು, ನನ್ನ ತೂಕಕ್ಕೆ ಮೂತಿ ಮತ್ತೆ ಮುಳುಗುತ್ತಿತ್ತು. ಇದ್ದವರಲ್ಲಿ ಹಗುರ ಅಂದರೆ ಅತ್ತಿಗೆ. ನೀನು ಹೋದ ಮೇಲೆ ಅರ್ಧಕ್ಕರ್ಧ ಇಳಿದುಹೋಗಿದ್ದಾಳೆ ಅಣ್ಣಯ್ಯ. ಗಂಟಿನಲ್ಲಿದ್ದದ್ದು ಮದುವೆ ಸೀರೆಗಳು. ಅವಳ ಹಣೆ ಖಾಲಿ. ಎಲ್ಲರೂ ಅದನ್ನೇ ನೋಡಿದರು. ಅತ್ತಿಗೆ ತಾನಾಗಿಯೇ ಹಿಂದೆ ಸರಿದಳು. ನನಗೆ ರೇಗಿಹೋಗಿ, ಇನ್ನೇನು ಬಾಯಿ ತೆರೆಯಬೇಕು...

ಅಷ್ಟರಲ್ಲಿ ಚನ್ನಪ್ಪನವರು ಪಂಚೆ ಎತ್ತಿಕಟ್ಟಿ, ದೋಣಿ ಹತ್ತಿ, ಸೀದಾ ಹಿಂದಕ್ಕೆ ಹೋಗಿ ಇಂಜಿನ್ನಿನ ಪಕ್ಕ ಕೂತರು.

"ಬಾ ಅವ್ವ, ನೀನು ಮುಂದ್ಗಡೆ ಕುಂತ್ಕ. ನನ್ ಗಂಟಿನ್ ಮ್ಯಾಲೆ ಕೈ ಮಡಗು," ಅಂದರು.

ಅವರ ಹಿಂದೆಯೇ ಉಳಿದವರೂ ಹೋಗಿ ಕೂತರು. ಮುನಿಸ್ವಾಮಿ ಸೆಳವಿಗೆ ಹೋಗಿ ವೇಗ ಕೊಟ್ಟ. ಕಿರುಚಲಿಲ್ಲ ಅಣ್ಣಯ್ಯ! ಗುಮ್ಮನೆ ದನಿ ಇಳಿಸಿ, ನೀರನ್ನು ಕಚ್ಚಿ ಹಿಡಿದು, ನೆಟ್ಟಗೆ ಸೆಳವನ್ನು ಸೀಳಿಕೊಂಡು ಹೋಯಿತು. ದಡದಲ್ಲಿ ನಾನು ನೆರಿಗೆ ಎತ್ತಿಕೊಂಡು ಓಡಿದ್ದೇ ಓಡಿದ್ದು. ವಾಪಸು ಬಂದಾಗ ಚನ್ನಪ್ಪನವರ ಪಂಚೆಗೆಲ್ಲ ಎಣ್ಣೆ ಮಸಿ. ಬೀದಿಯ ತುಂಬ ಅದನ್ನೇ ತೋರಿಸಿಕೊಂಡು ಓಡಾಡಿದರು.

ನಿನ್ನೆ ಅವರೇ ಮನೆಗೆ ಬಂದಿದ್ದರು. ಅವರ ಮಗಳಿಗೆ ಆಚೆ ದಡದ ಊರಿನಲ್ಲಿ ಗಂಡು ಗೊತ್ತಾಗಿದೆ, ಮದುವೆಯೂ ಅಲ್ಲೇ. ಧಾರೆ ಸೀರೆ ನಮ್ಮ ಮಗ್ಗದಲ್ಲೇ ನೇಯಬೇಕಂತೆ, ನಿನ್ನ ದೋಣಿಯಲ್ಲೇ ಹೋಗಬೇಕಂತೆ, ಅತ್ತಿಗೆಯೇ ಕೈ ಇಟ್ಟುಕೊಂಡು ಬರಬೇಕಂತೆ. ಸೀರೆ ಇಳಿಸಿ ಹಾಗೇ ವಾಪಸು ಹೋಗಕೂಡದು, ಮದುವೆ ಮುಗಿಯುವ ತನಕ ಇರಬೇಕು ಅಂತ ಎರಡೆರಡು ಸಲ ಹೇಳಿ ಹೋದರು. ಹನೂರಿನವನಿಗೆ ಇಂಜಿನ್ನು ಕೊಡುವುದಿಲ್ಲ ಅಂತ ಅತ್ತಿಗೆಯೇ ಹೇಳಿ ಕಳಿಸಿದಳು.

ಈಗ ಒಳಗೆ ಕೂತು, ಆ ಸೀರೆಗೆ ಯಾವ ಬಣ್ಣದ ಅಂಚು ಅಂತ ಅಮ್ಮನ ಜೊತೆ ದೊಡ್ಡ ದನಿಯಲ್ಲಿ ಜಗಳ ಆಡುತ್ತಿದ್ದಾಳೆ. ನೀನು ಹೋದ ಮೇಲೆ ಅವಳು ಜಗಳ ಆಡಿದ್ದು ಇದೇ ಮೊದಲು.

ನಿನ್ನ ತಂಗಿ,
ಗೌರಿ