ಶುದ್ಧಪ್ರತಿ

ಮಹಡಿಯ ಕೋಣೆ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಮಗಳೇ,

ಆರೋಗ್ಯವೇ? ಅಗ್ನಿಶಾಮಕ ಠಾಣೆಯ ತರಬೇತಿಯಲ್ಲಿ ಹೊಗೆ ಕುಡಿದು ಹತ್ತಿದ ಕೆಮ್ಮು ಇಳಿಯಿತೇ? ನಿನ್ನ ತಾಯಿ ಕುಶಲ. ನನ್ನ ಮೊಣಕಾಲು ಯಥಾಪ್ರಕಾರ.

ಹೊಗೆಯಲ್ಲೂ ದಾರಿ ಕಾಣುವಂತೆ ಶಿರಸ್ತ್ರಾಣದ ಹಣೆಗೆ ಕ್ಯಾಮೆರಾ, ಕಣ್ಣೆದುರು ಪುಟ್ಟ ಪರದೆ, ಈ ಜೋಡಣೆಯ ಪೇಟೆಂಟ್ ತಮ್ಮದೆಂದು ಆ ದೊಡ್ಡ ಕಂಪನಿ ನಿನ್ನ ಮೇಲೆ ದಾವೆ ಹೂಡಿದೆಯಷ್ಟೆ. ಅವರಿಗಿಂತ ಎರಡು ವರ್ಷ ಮೊದಲೇ ನೀನು ಅದನ್ನು ಮಾಡಿ ಪರೀಕ್ಷಿಸಿದ್ದೆ ಎಂಬುದಕ್ಕೆ ನಿನ್ನ ಕೆಲಸದ ದಿನಚರಿಯೊಂದೇ ಸಾಕ್ಷಿ; ಅದು ನ್ಯಾಯಾಲಯದಲ್ಲಿ ನಿಲ್ಲದಿದ್ದರೆ ನಿನ್ನ ಕಾರ್ಯಾಗಾರಕ್ಕೆ ಬೀಗ. ನೀನು ಹೇಳಿದಂತೆ ಬೀರುವಿನಿಂದ ತೆಗೆದು ನಮ್ಮ ವಕೀಲರಿಗೆ ಕೊಟ್ಟೆ. ಪುಟ ತಿರುವಿದವರೇ, "ಮೇಷ್ಟ್ರೇ, ಇದೇನು ಇಷ್ಟು ಚೊಕ್ಕ? ಎರಡು ವರ್ಷದ ಕೆಲಸ, ಒಂದೇ ಶಾಯಿ! ನಿನ್ನೆ ಕೂತು ಬರೆದದ್ದು ಅಂತಾನೆ ಆ ಕಡೆ ವಕೀಲ" ಎಂದರು. ನಿನ್ನೆಯಲ್ಲ, ನಾನು ಬರೆದದ್ದು ಕಳೆದ ಬೇಸಿಗೆಯಲ್ಲಿ. ನಿನ್ನ ಪುಸ್ತಕದ ಎಣ್ಣೆಯ ಕಲೆ, ಅಡ್ಡಾದಿಡ್ಡಿ ಗೀಟು, ಅರ್ಧಕ್ಕೆ ನಿಂತ ವಾಕ್ಯಗಳನ್ನು ಕಂಡು ಸುಮ್ಮನಿರಲಾರದೆ, ಒಂದು ತಾರೀಖೂ ತಪ್ಪದಂತೆ ಶುದ್ಧಪ್ರತಿ ಮಾಡಿದೆ. ಮೂಲವನ್ನು ರದ್ದಿಯವನಿಗೆ ಕೊಟ್ಟೆ. ಮೂವತ್ತಾರು ವರ್ಷ ಮಕ್ಕಳಿಗೆ ಕಲಿಸಿದ ಕ್ರಮವೇ ಅದು: ಪ್ರತಿ ಸಿದ್ಧವಾದ ಮೇಲೆ ಕರಡು ಉಳಿಯಬಾರದು. "ನಿಮ್ಮ ಅಚ್ಚುಕಟ್ಟು ಮಗಳ ಅನ್ನಕ್ಕೆ ಕಲ್ಲು ಹಾಕ್ತು ನೋಡಿ" ಎಂದಳು ನಿನ್ನ ತಾಯಿ.

ವಕೀಲರು ದಾರಿಯೊಂದನ್ನು ತೋರಿಸಿದ್ದಾರೆ. ನೀನು ಹೇಳಿದ್ದನ್ನು ಅಂದಂದೇ ನಾನು ಬರೆದುಕೊಂಡೆನೆಂದು ಅಫಿಡವಿಟ್ ಕೊಡಬೇಕಂತೆ. "ಒಳಗಿರೋದೆಲ್ಲ ನಿಜ ತಾನೆ ಮೇಷ್ಟ್ರೇ? ಒಂದು ಸಹಿ ಕೇಳ್ತಿದೀನಿ, ತಲೆ ಕೇಳ್ತಿಲ್ಲ" ಎನ್ನುತ್ತಾರೆ. ಹಾಕಿದರೆ ಸುಳ್ಳುಸಾಕ್ಷಿ, ಹಾಕದಿದ್ದರೆ ನಿನ್ನ ದುಡಿಮೆಯನ್ನು ರದ್ದಿಗೆ ತೂಗಿದವನೂ ನಾನೇ, ಬಾಗಿಲು ಮುಚ್ಚಿಸಿದವನೂ ನಾನೇ. ಅತ್ತ ದರಿ, ಇತ್ತ ಪುಲಿ ಎಂಬುದನ್ನು ಎಷ್ಟು ಮಕ್ಕಳಿಂದ ಸ್ವಂತ ವಾಕ್ಯದಲ್ಲಿ ಬಳಸಿಸಿದ್ದೇನೋ. ನಡುವೆ ನಿಂತು ನೋಡಿರಲಿಲ್ಲ. ಕೆಳಗೆ ನಿನ್ನ ಕಾರ್ಯಾಗಾರದಲ್ಲಿ ನ್ಯಾಯಾಲಯದ ಮೊಹರು ಬಿದ್ದ ಹನ್ನೊಂದು ಶಿರಸ್ತ್ರಾಣಗಳು ಮೆಟ್ಟಿಲಿಗೇ ಮುಖಮಾಡಿ ಕುಳಿತಿವೆ. ಇಳಿಯಲು ಮನಸ್ಸಾಗದೆ ನಿನ್ನೆಯಿಂದ ಊಟವನ್ನೂ ಮೇಲಕ್ಕೇ ತರಿಸಿಕೊಳ್ಳುತ್ತಿದ್ದೇನೆ.

ನಿನ್ನ ಕೈಗೂ ಕಣ್ಣಿಗೂ ಆಯುಸ್ಸು ಹೆಚ್ಚಲಿ. ಕೆಮ್ಮನ್ನು ಅಲಕ್ಷ್ಯ ಮಾಡಬೇಡ.

ನಿನ್ನ ತಂದೆ

ವಿ.ಸೂ.: ಒಂದು ಮಾತನ್ನು ಮುಚ್ಚಿಟ್ಟೆ. ನಿನ್ನೆ ಸಂಜೆಯೇ ಸಹಿ ಹಾಕಿದ್ದೇನೆ. ಶುಕ್ರವಾರ ಸಲ್ಲಿಸುತ್ತಾರೆ. ಅದನ್ನು ಹಿಂದಕ್ಕೆ ಕೇಳುವ ಬಾಯಿ ನನಗಿಲ್ಲ. ದಾವೆ ನಿನ್ನ ಮೇಲಿನದು, ಆ ಅಫಿಡವಿಟ್ ಬೇಡವೆಂದು ವಕೀಲರಿಗೆ ನೀನೇ ಹೇಳಬಹುದು. ಹೇಳಲೇಬೇಕೆಂದು ಬರೆಯಲು ಎರಡು ಸಲ ಕೂತೆ, ಆಗಲಿಲ್ಲ.