ಇಂದೂ ಇಲ್ಲದ ಮನೆಯ ಮಾತು

ಶ್ರೀ

ಸದಾಶಿವ ಪೇಠ, ಪುಣೆ
ತಾ. ೧೪-೯-೧೯೩೬

ಚಿ. ಸೌ. ಇಂದೂಗೆ ನಿನ್ನ ಅವ್ವ ಮಾಡುವ ಅನೇಕ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಎರಡು ಕಾಗದ ಮುಟ್ಟಿ ತಿಂಗಳಾಯಿತು. ಉತ್ತರ ಬರೆಯದ್ದಕ್ಕೆ ಸಿಟ್ಟಾಗಬೇಡ. ಕೆಲಸವಿತ್ತೆಂದು ಸುಳ್ಳು ಹೇಳಲಾರೆ. ಇಬ್ಬರ ಅಡಿಗೆಗೆ ಎಷ್ಟು ಹೊತ್ತು ಬೇಕು? ಧಾರವಾಡದಲ್ಲಿ ನಿನ್ನ ಅತ್ತೆಯವರು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆಂದು ಓದಿ ಜೀವಕ್ಕೆ ಸಮಾಧಾನವಾಯಿತು.

"ನೀನೂ ಅಪ್ಪನೂ ಈಗರೆ ಮಾತಾಡ್ತೀರೇನು?" ಎಂದು ಕೇಳಿದ್ದೀ. ನಗುತ್ತ ಬರೆದಿರಬೇಕು, ಕಳ್ಳಿ. ಇಲ್ಲವ್ವ, ಆಡುವುದಿಲ್ಲ.

ನಿನ್ನ ಅಜ್ಜಿ ಇದ್ದಾಗ ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ. ಎರಡು ಕೋಣೆಯ ಬಿಡಾರದಲ್ಲಿ ಅವರ ಎದುರಲ್ಲದ ಜಾಗ ಎಲ್ಲಿತ್ತು? ನಿನಗೆ ಮಾತು ಬಂದ ಮೇಲೆ ನಮಗೂ ಬಂತು. "ಇಂದೂ, ಹೋಳಿಗಿ ಗಟ್ಟಿ ಆಗ್ಯಾವಂತ ನಿಮ್ಮವ್ವಗ ಹೇಳು" ಎಂದು ನಿಮ್ಮ ಅಪ್ಪ ಹೇಳಿದರೆ, ನೀನು ಒಲೆಯ ಹತ್ತಿರ ಬಂದು "ಅಪ್ಪಗ ಹೋಳಿಗಿ ಭಾಳ ಸೇರ್ಯಾವಂತ" ಎನ್ನುವವಳು! ನಾಲ್ಕು ಹೆಜ್ಜೆ ದೂರ ಕೂತ ನನಗೆ ಅವರು ಅಂದದ್ದೆಲ್ಲ ಕೇಳಿರುತ್ತಿತ್ತು. ಆದರೂ ನೀನು ಬಂದು ಹೇಳುವ ತನಕ ಅದು ನನಗೆ ಹೇಳಿದ ಮಾತಲ್ಲ. ಅಜ್ಜಿ ತೀರಿ ಎಂಟು ವರುಷವಾದರೂ ರೂಢಿ ಹಾಗೇ ಉಳಿಯಿತು.

ವೈಶಾಖದಲ್ಲಿ ನಿನ್ನನ್ನು ಕಳಿಸಿ ಬಂದ ಮರುದಿನ ಊಟಕ್ಕೆ ಕೂತು "ಇಂದೂ, ಸಾರಿಗೆ ಉಪ್ಪು" ಎಂದವರು ಅಲ್ಲೇ ಬಾಯಿ ಮುಚ್ಚಿದರು. ನಾನು ಉಪ್ಪು ತಂದು ಬಡಿಸಿದೆ. ಇಬ್ಬರೂ ತಲೆ ಎತ್ತಲಿಲ್ಲ. ಈಗ ಪಕ್ಕದ ಮನೆಯ ರಂಗೂಬಾಯಿಯವರ ಬೆಕ್ಕಿಗೆ ಹೇಳುತ್ತಾರೆ, "ನಾಳೆ ಆಫೀಸಿಗೆ ಜಲ್ದಿ ಹೋಗೋದದ" ಎಂದು. ಪಾಪ, ಅದು ಮರಾಠಿ ಬೆಕ್ಕು! ಅದಕ್ಕೂ ಸಾಕಾಯಿತೇನೋ, ವಾರದಿಂದ ಬಂದಿಲ್ಲ.

ರಂಗೂಬಾಯಿಯವರ ಮುಂದೆ ಬಾಯಿ ಬಿಟ್ಟೆ. "ನವರಾ ಆಹೇ, ವಾಘ ನಾಹೀ!" ಎಂದು ನಕ್ಕರು. ಗಂಡನೇ, ಹುಲಿಯೇನಲ್ಲವಲ್ಲ! ಧೈರ್ಯ ಮಾಡಿ ಮೊನ್ನೆ ಆದಿತ್ಯವಾರ, ಅವರು ಪೇಪರು ಓದುತ್ತಿದ್ದಾಗ, ನಡುಬಾಗಿಲಲ್ಲಿ ನಿಂತು "ಏನ್ರೀ" ಎಂದೆ. ಅವರು ಗಾಬರಿಯಾಗಿ ಎದ್ದು "ಯಾರು ಬಂದಾರ?" ಎನ್ನುತ್ತ ಹೊರಬಾಗಿಲು ತೆಗೆದು ನೋಡಿದರು. ಅಂಗಳದಲ್ಲಿ ಯಾರೂ ಇರಲಿಲ್ಲ. ನಾನು ಒಳಗೆ ಹೋಗಿ ಕೊತ್ತಂಬರಿ ಸೋಸುತ್ತ ಕೂತೆ. ಇಪ್ಪತ್ತೆರಡು ವರುಷದಲ್ಲಿ ಅವರು ನನ್ನ ದನಿಯ ಗುರುತೇ ಹಿಡಿಯದೆ ಹೋದರಲ್ಲ ಎಂದು ಬಹಳ ಅಳು ಬಂತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿನ್ನ ಅಜ್ಜಿ ದಿನಕ್ಕೆ ನಾಲ್ಕು ಸಲ ಹೇಳುವರು. ಆಡದೆ ಉಳಿದದ್ದು ಎಲ್ಲಿಗೆ ಹೋಗುತ್ತದೆಂದು ಮಾತ್ರ ಹೇಳಲಿಲ್ಲ. ನನಗೆ ಈ ಮನೆಯಲ್ಲಿ ಒಬ್ಬಳೇ ಎನಿಸುತ್ತದೆ, ಇಂದೂ. ಅವರಿಗೂ ಹಾಗೇ ಎನಿಸುತ್ತಿರಬಹುದು. ಕೆಟ್ಟವರಲ್ಲ ಅವರು.

ನೀನು ಮಾತ್ರ ನಿನ್ನ ಗಂಡನ ಸಂಗಡ ಬಾಯಿ ತುಂಬ ಮಾತಾಡು. ಯಾರೇನಂದರೂ ಅನ್ನಲಿ. ಮುತ್ತೈದೆಯಾಗಿ ಸುಖವಾಗಿರು. ಹಿರಿಯರಿಗೆ ನಮಸ್ಕಾರ ತಿಳಿಸು.

ಇಂತು ನಿನ್ನ ಅವ್ವ,
ಗೋದಾ

ತಾ. ಕ.: ನಿನಗಿಂತ ಎರಡು ವರುಷ ಮೊದಲು ನನಗೊಂದು ಗಂಡುಕೂಸು ಆಗಿತ್ತು. ಇದನ್ನು ನಿನಗೆ ಯಾರೂ ಹೇಳಿಲ್ಲ. ತವರಿನಲ್ಲಿ ಹೆತ್ತೆ, ಹತ್ತನೆಯ ದಿನ ತೀರಿಹೋಯಿತು. ಹನ್ನೆರಡನೆಯ ದಿನ ಹೆಸರಿಡಬೇಕೆಂದು ನಿಮ್ಮ ಅಪ್ಪ ಪುಣೆಯಿಂದ ಬಂದಿಳಿದರು. ಪಡಸಾಲೆಯಲ್ಲಿ ಸುದ್ದಿ ಕೇಳಿ ಸಂಜೆಯ ಗಾಡಿಗೆ ತಿರುಗಿ ಹೋದರು. ಬಾಣಂತಿ ಕೋಣೆಯೊಳಗೆ ನನಗೆ ಅವರ ಕೆಮ್ಮು ಕೇಳಿಸಿತು, ಅಷ್ಟೇ. ಯಾವ ಹೆಸರು ನೆನೆಸಿಕೊಂಡು ಬಂದಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ನೆನೆದು ಅಳಬೇಕೆಂದರೆ ಕೂಸನ್ನು ಏನೆಂದು ಕರೆಯಲಿ? ಉಪ್ಪು ಹುಳಿಯ ಮಾತೆಲ್ಲ ನಿನ್ನ ಬಾಯಿಂದ ಕೇಳಿಸಿದೆ. ಇದನ್ನು ಸಣ್ಣ ಹುಡುಗಿಯ ಬಾಯಿಂದ ಕೇಳಿಸಲು ಮನಸ್ಸಾಗಲಿಲ್ಲ. ಈಗ ದೊಡ್ಡವಳಾಗಿದ್ದೀ. ಅವರಿಗೆ ಕಾಗದ ಬರೆದು ಕೇಳು.

ಲಕೋಟೆಗೆ ಅಂಟು ಹಚ್ಚಿಲ್ಲ. ಅಂಚೆಗೆ ಹಾಕುವವರು ಅವರೇ. ಓದಿದರೆ ಓದಲಿ.

(ಕೆಳಗೆ, ಬೇರೆ ಕೈಬರಹದಲ್ಲಿ)

ಚಿ. ಇಂದೂಗೆ ಆಶೀರ್ವಾದ. ಏಕನಾಥ ಎಂದು ಇಡಬೇಕೆಂದಿದ್ದೆ. ನಿಮ್ಮವ್ವಗ ಬರೆದು ತಿಳಿಸು. ಜಲ್ದಿ ಬರೆ.

ನಿನ್ನ ತಂದೆ,
ಬಾಳಕೃಷ್ಣ