ಗಣಿತ ಪುಸ್ತಕದ ಬೀಗ

ನನ್ನ ಮೇಷ್ಟ್ರಿಗೆ, ಹೊಸೂರು ಬಸ್ ಸ್ಟ್ಯಾಂಡ್ ಹಿಂದಿನ ಡಿಟಿಪಿ ಅಂಗಡಿಯ ಮಂಜನ ನಮಸ್ಕಾರಗಳು.

ನೀವು ಹೋಗಿ ಎರಡು ವರ್ಷವಾದ ಮೇಲೆ ಕಾಗದ ಬರೆಯುತ್ತಿದ್ದಾನಲ್ಲ, ಇವನಿಗೆ ತಲೆ ನೆಟ್ಟಗಿದೆಯೇ ಅಂತ ನೀವು ಕೇಳುತ್ತೀರಿ. ಇಲ್ಲ ಅಂತಲೇ ಇಟ್ಟುಕೊಳ್ಳಿ. ನಿಮ್ಮ ಮುಖಕ್ಕೆ ಒಂದು ಸುಳ್ಳು ಹೇಳಿದ್ದೆ, ಅದನ್ನು ವಾಪಸ್ ತೆಗೆದುಕೊಳ್ಳಬೇಕಾಗಿದೆ. ಕೊನೆಯ ಸಲ ನೀವು ಅಂಗಡಿಗೆ ಬಂದಾಗ, ಪ್ರಿಂಟರ್ ರಿಪೇರಿಗೆ ಹೋಗಿದೆ, ಪುಸ್ತಕ ಹದಿನೈದು ದಿನ ತಡವಾಗುತ್ತದೆ ಅಂದೆನಲ್ಲ, ಆ ಪ್ರಿಂಟರ್ ಎಲ್ಲಿಗೂ ಹೋಗಿರಲಿಲ್ಲ. ನಿಮ್ಮ ಬೆನ್ನ ಹಿಂದೆಯೇ ಹಳೇ ಬೆಡ್‌ಶೀಟ್ ಹೊದ್ದುಕೊಂಡು ಕೂತಿತ್ತು. ಕೆಟ್ಟದ್ದು ಬೇರೆ. ಕೆಡಿಸಿದವನು ನಾನು. ಈಗ ಎಲ್ಲ ಸರಿಹೋಗಿರುವುದರಿಂದ ಹೇಳುವ ಧೈರ್ಯ ಬಂದಿದೆ.

ರಿಟೈರಾದ ವಾರದಲ್ಲೇ ನೀವು ಬಟ್ಟೆಯ ಚೀಲ ಹಿಡಿದು ಅಂಗಡಿಗೆ ಬಂದದ್ದು ನೆನಪಿದೆಯೇ? ಚೀಲದಲ್ಲಿ ಆರು ನೋಟ್‌ಬುಕ್ಕು, ತುಂಬ ನಿಮ್ಮ ಕೈಬರಹದ ಗಣಿತ. ನಾನು ಮದುವೆ ಪತ್ರಿಕೆಯೊಂದರಲ್ಲಿ ಮುಳುಗಿದ್ದೆ, ಕನ್ನಡ, ತೆಲುಗು, ತಮಿಳು ಮೂರರಲ್ಲೂ ಆಗಬೇಕಿದ್ದ ಪತ್ರಿಕೆ. ನೀವು ಸ್ಟೂಲು ಎಳೆದುಕೊಂಡು ಕೂತು ಹೇಳಿದಿರಿ, ನಮ್ಮ ಹತ್ತನೇ ತರಗತಿಯ ಮಕ್ಕಳು ಓದುವುದು ಕನ್ನಡದಲ್ಲಿ, ಪರೀಕ್ಷೆ ಬರೆಯುವುದು ತಮಿಳುನಾಡಿನ ಪಠ್ಯಕ್ಕೆ. ಬೆಂಗಳೂರಿನಿಂದ ಗೈಡ್ ತಂದರೆ ಪಾಠ ಬೇರೆ, ಹೊಸೂರಿನಲ್ಲೇ ಕೊಂಡರೆ ಅಕ್ಷರ ಬೇರೆ. ಇನ್ನೂರು ಮುನ್ನೂರು ಮಕ್ಕಳಿಗೋಸ್ಕರ ಯಾವ ಪ್ರಕಾಶಕ ಅಚ್ಚು ಹಾಕುತ್ತಾನೆ? ಅದಕ್ಕೇ ನೀವೇ ಬರೆದಿದ್ದಿರಿ. ಗುಲಾಬಿ ತೋಟದ ಕ್ಷೇತ್ರಫಲ, ಕೃಷ್ಣಗಿರಿ ಬಸ್ಸಿನ ವೇಗ, ಫ್ಯಾಕ್ಟರಿಯ ಮೂರು ಶಿಫ್ಟಿನ ಸರಾಸರಿ. ನಿಮ್ಮ ಗಣಿತದ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಮ್ಮ ಕೈಲಿ ಕಿವಿ ಹಿಂಡಿಸಿಕೊಂಡವನು ನಾನು, ಇಲ್ಲ ಅನ್ನುವುದಕ್ಕಾಗುತ್ತದೆಯೇ? ಆವತ್ತು ಸಂಜೆಯೇ ಮೊದಲ ಪುಟ ಟೈಪ್ ಮಾಡಿದೆ.

ನನ್ನ ಅಂಗಡಿಯ ಬೀಗದ ವಿಷಯಕ್ಕೆ ನಾವು ಎಷ್ಟು ಸಲ ಜಗಳವಾಡಿಲ್ಲ! ಬಾಗಿಲಿನ ಬೀಗವಲ್ಲ, ಕಂಪ್ಯೂಟರ್ ಹಿಂದುಗಡೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಆ ಪ್ಲಾಸ್ಟಿಕ್ ತುಂಡು. ಡಾಂಗಲ್ ಅಂತ ಅದರ ಹೆಸರು. ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರನ್ನು ಮಾರಿದ ಕಂಪನಿಯವರು ಜೊತೆಗೆ ಅದನ್ನೂ ಕೊಟ್ಟಿದ್ದರು. ಅದು ಸಿಕ್ಕಿಸಿದ್ದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ, ಕನ್ನಡ ಅಕ್ಷರ ಕಾಣುತ್ತದೆ. ತೆಗೆದರೆ ಏನೂ ಇಲ್ಲ. ಕದ್ದ ಸಾಫ್ಟ್‌ವೇರಲ್ಲ, ಕೊಂಡದ್ದು ಅಂತ ನನಗೆ ಅದರ ಮೇಲೆ ಬಲು ಹೆಮ್ಮೆ. ನೀವು ಪೇಪರಿನ ಕಂಪ್ಯೂಟರ್ ಪುಟ ಮಡಿಚಿ ತಂದು ನನ್ನ ಕೀಬೋರ್ಡಿನ ಮೇಲೆ ಇಡುತ್ತಿದ್ದಿರಿ. ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ಎಲ್ಲರಿಗೂ ತೋರಿಸುವ, ಯಾರು ಬೇಕಾದರೂ ನಕಲು ಮಾಡಿಕೊಂಡು ತಿದ್ದಬಹುದಾದ ಸಾಫ್ಟ್‌ವೇರ್ ಬಂದಿದೆಯಂತೆ, ನೋಡು ಅಂತ. ನಾನು ನಗುತ್ತಿದ್ದೆ. ಪುಕ್ಕಟೆ ಕೊಡುವವನು ನಾಳೆ ಕೆಟ್ಟರೆ ಬರುತ್ತಾನೆಯೇ, ಫೋನ್ ಮಾಡಿದರೆ ಎತ್ತುತ್ತಾನೆಯೇ, ಇದೆಲ್ಲ ಹೊಟ್ಟೆ ತುಂಬಿದವರ ಆಟ ಅನ್ನುತ್ತಿದ್ದೆ. ನೀವು ಒಂದು ದಿನ ಸಿಟ್ಟಾಗಿಯೇ ಅಂದಿರಿ:

"ಪುಕ್ಸಟ್ಟೆ ವಿಷ್ಯ ಅಲ್ಲ ಕಣ್ಲಾ ಮಂಜಾ. ಬರೆಯೋನು ನಾನು, ಟೈಪ್ ಮಾಡೋನು ನೀನು, ಓದ್ಬೇಕಾದ್ರೆ ಮಾತ್ರ ಯಾವನೋ ಮೂರನೇಯವ್ನು ಹೂಂ ಅನ್ಬೇಕು. ಅವ್ನು ಅಂಗಡಿ ಮುಚ್ಕೊಂಡು ಹೋಗ್ಬುಟ್ರೆ ಏನ್ ಮಾಡ್ತೀಯ?"

ಆಗ ನೋಡಿಕೊಳ್ಳೋಣ ಬಿಡಿ ಸಾರ್ ಅಂದೆ. ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಆ ವರ್ಷದ ಆಯುಧಪೂಜೆಯ ಸಡಗರ ನೀವೇ ನೋಡಿದ್ದೀರಿ. ಮೂಕಂಡಪಲ್ಲಿಯಿಂದ ಜೂಜುವಾಡಿಯವರೆಗೆ ಒಂದೊಂದು ಫ್ಯಾಕ್ಟರಿಯ ಗೇಟಿಗೂ ಬಾಳೆಕಂಬ, ರಸ್ತೆ ತುಂಬ ಒಡೆದ ಬೂದುಗುಂಬಳಕಾಯಿ. ನಾನೂ ಅಂಗಡಿ ತೊಳೆದು, ಮಾನಿಟರಿಗೆ ಚೆಂಡುಹೂವಿನ ಹಾರ ಹಾಕಿ, ಕತ್ತರಿಯಿಂದ ಸ್ಟೇಪ್ಲರ್‌ವರೆಗೆ ಎಲ್ಲಕ್ಕೂ ಕುಂಕುಮ ಇಟ್ಟೆ. ಅಂಗಡಿಗೆಲ್ಲ ಅನ್ನ ಕೊಡುವುದು ಆ ಬೀಗ, ಅದಕ್ಕೆ ಬರೀ ಬೊಟ್ಟು ಸಾಕೇ? ಬಿಚ್ಚಿಕೊಂಡು ಒದ್ದೆಬಟ್ಟೆಯಲ್ಲಿ ಒರೆಸಿ, ಅರಿಶಿನ ಕಲಸಿ ಒಳ್ಳೆ ಗೌರಮ್ಮನ ಹಾಗೆ ಮೆತ್ತಿದೆ, ಮೇಲೆ ಕುಂಕುಮ, ಅಕ್ಷತೆ. ತೂತುಗಳಿದ್ದ ಕಡೆಗೂ ಮೆತ್ತಿದೆ. ಮಾರನೇ ದಿನ ಹಾಗೇ ಒಂದಿಷ್ಟು ಕೆರೆದು ಸಿಕ್ಕಿಸಿ ಸ್ವಿಚ್ ಹಾಕಿದೆ. ಟಪ್ ಅಂತ ಒಂದು ಸದ್ದು, ಅಷ್ಟೇ. ಕನ್ನಡ ಹೋಯಿತು.

ಎರಡು ದಿನ ಬಿಟ್ಟು ನೀವು ಕೊನೆಯ ಅಧ್ಯಾಯದ ತಿದ್ದುಪಡಿ ಹಿಡಿದುಕೊಂಡು ಬಂದಿರಿ. ಯಾವ ಬಾಯಲ್ಲಿ ಹೇಳಲಿ? ಪೂಜೆ ಮಾಡಿ ಸಾಯಿಸಿಬಿಟ್ಟೆ ಅಂತ ಹೇಳುವುದೇ? ಅದಕ್ಕೇ ಪ್ರಿಂಟರಿನ ಕಥೆ ಕಟ್ಟಿದೆ. ನೀವು ಪಾಪ, ಅವಸರವಿಲ್ಲ ಬಿಡಪ್ಪಾ ಅಂದು, ಟೀ ಕುಡಿದು ಹೊರಟಿರಿ. ನಾನು ಕಂಪನಿಗೆ ಫೋನ್ ಮಾಡಿದೆ. ಫೋನೇನೋ ಎತ್ತಿದರು. ಆ ಮಾದರಿಯ ಬೀಗ ಈಗ ಮಾಡುವುದಿಲ್ಲ, ಹೊಸ ಸಾಫ್ಟ್‌ವೇರ್ ಕೊಂಡುಕೊಳ್ಳಿ ಅಂದರು. ಹೊಸದರಲ್ಲಿ ಹಳೇ ಫೈಲು ತೆರೆಯುತ್ತದೆಯೇ ಅಂದೆ. ಗ್ಯಾರಂಟಿ ಇಲ್ಲ ಅಂದರು. ಬೀಗವಿಲ್ಲದೆ ನಿಮ್ಮ ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಅರ್ಧಚಂದ್ರ, ಎಲ್ಲ ಕಲಸಿಹೋದ ಮೇಲೋಗರ. ನೋಟ್‌ಬುಕ್ ನೋಡಿ ಮತ್ತೆ ಟೈಪ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ಎಲ್ಲಿದ್ದವು ನೋಟ್‌ಬುಕ್ಕು? ಟೈಪ್ ಆಯಿತಲ್ಲ ಇನ್ನೇಕೆ ಅಂತ ಒಂದೊಂದೇ ಹಾಳೆ ಹರಿದು ಮಕ್ಕಳಿಗೆ ಕೊಟ್ಟುಬಿಟ್ಟಿದ್ದಿರಿ. ಇನ್ನೊಂದು ವಾರದಲ್ಲಿ ಏನಾದರೂ ದಾರಿ ಹುಡುಕಿ, ಆಮೇಲೆ ನಿಮಗೆ ನಿಜ ಹೇಳೋಣ ಅಂತ...

ಆ ವಾರ ನೀವು ಕಾಯಲಿಲ್ಲ. ಬೆಳಿಗ್ಗೆ ಹಾಲು ತರಲು ಹೋದವರು ಅವಲಪಲ್ಲಿಯ ತಿರುವಿನಲ್ಲೇ ಎದೆ ಹಿಡಿದುಕೊಂಡು ಕೂತುಬಿಟ್ಟಿರಂತೆ. ಹದಿಮೂರನೇ ದಿನ ಊಟಕ್ಕೆ ಕೂತಾಗ ನಿಮ್ಮ ಮನೆಯವರು, ಲಲಿತಮ್ಮನವರು, ಪುಸ್ತಕ ಎಲ್ಲಿಗೆ ಬಂತು ಮಂಜು ಅಂತ ಕೇಳಿದರು. ಆಗುತ್ತಿದೆ ಅಮ್ಮಾ ಅಂದೆ. ಪಾಯಸ ಎಲೆಯಲ್ಲೇ ಬಿಟ್ಟು ಎದ್ದುಬಂದೆ. ಆಮೇಲೆ ನಿಮ್ಮ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟೆ, ಸುತ್ತಿ ಬಳಸಿ ಮನೆ ಸೇರುತ್ತಿದ್ದೆ. ನಿಮ್ಮ ಮೂರು ವರ್ಷದ ಕೆಲಸ ನನ್ನ ಕೈಯಲ್ಲಿ ಹಾಳಾಯಿತಲ್ಲ ಅನ್ನುವ ಸಂಕಟ ಒಂದು ಕಡೆ. ಪರೀಕ್ಷೆ ಬಂತೆಂದರೆ ಹೈಸ್ಕೂಲು ಮಕ್ಕಳು ಅಂಗಡಿಗೆ ಬಂದು, ಮೇಷ್ಟ್ರ ಪುಸ್ತಕ ಬಂತಾ ಅಣ್ಣಾ ಅಂತ ಕೇಳುವುದು ಇನ್ನೊಂದು ಕಡೆ.

ಕಳೆದ ವರ್ಷ ಕೃಷ್ಣಗಿರಿಯ ಸೆಲ್ವಂ ನೋಟೀಸ್ ಮಾಡಿಸಲು ಅಂಗಡಿಗೆ ಬಂದ. ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡುವ ಹುಡುಗ, ತಮಿಳಿನವನು. ನೋಟೀಸಿನ ವಿಷಯ ಏನಂತೀರಿ? ನೀವು ಪೇಪರಿನಲ್ಲಿ ತೋರಿಸುತ್ತಿದ್ದಿರಲ್ಲ, ಅದೇ ಮುಕ್ತ ಸಾಫ್ಟ್‌ವೇರಿನ ಸಭೆ. ನನಗೆ ಉರಿಯಿತು. ನಿಮ್ಮ ಮುಕ್ತ ಗಿಕ್ತ ಎಲ್ಲ ಸರಿಯಪ್ಪಾ, ಇದನ್ನು ಬಿಡಿಸು ನೋಡೋಣ ಅಂತ ನಿಮ್ಮ ಫೈಲು ತೆರೆದು ತೋರಿಸಿದೆ. ಅವನು ಒಂದೊಂದೇ ಪುಟ ಉರುಳಿಸಿ ನೋಡಿದ. ಆಮೇಲೆ ಕೇಳಿದ್ದು ಒಂದೇ: ಇದರಲ್ಲಿ ಒಂದಾದರೂ ಪುಟ ಬೀಗ ಚೆನ್ನಾಗಿದ್ದಾಗ ಪ್ರಿಂಟ್ ಆದದ್ದು ಇದೆಯೇ ಅಂತ. ಇತ್ತು. ನೀವು ಕೆಂಪು ಇಂಕಿನಲ್ಲಿ ತಿದ್ದಿ ಕೊಟ್ಟಿದ್ದ ಮೊದಲ ಅಧ್ಯಾಯ. ಉಳಿದದ್ದನ್ನೆಲ್ಲ ನೀವು ಪರದೆಯ ಮೇಲೆಯೇ ಓದಿ ನೋಡಿದ್ದಿರಿ.

ಆಮೇಲಿನ ಭಾನುವಾರಗಳನ್ನು ನೀವು ನೋಡಬೇಕಿತ್ತು ಮೇಷ್ಟ್ರೇ. ಅವನಿಗೆ ಕನ್ನಡದ ಒಂದಕ್ಷರ ಬಾರದು, ನನಗೆ ಕಂಪ್ಯೂಟರಿನ ಒಳಗುಟ್ಟು ತಿಳಿಯದು. ಮಧ್ಯೆ ನಿಮ್ಮ ಅಚ್ಚಾದ ಹಾಳೆ. ನಾನು ಕಾಗದದ ಮೇಲೆ ಬೆರಳಿಟ್ಟು ಇದು ಕ ಅನ್ನುವುದು, ಅವನು ಪರದೆಯ ಮೇಲೆ ಅದೇ ಜಾಗದಲ್ಲಿರುವ ವಿಚಿತ್ರ ಗುರುತನ್ನು ಹುಡುಕಿ ಬರೆದುಕೊಳ್ಳುವುದು. ಹೀಗೆ ಒಂದೊಂದಾಗಿ ಪಟ್ಟಿ ಕಟ್ಟಿದೆವು. ತಮಿಳಿನಲ್ಲಿ ಇಲ್ಲದ ಒತ್ತಕ್ಷರ ಕಂಡು ಅವನಿಗೆ ತಲೆಕೆಟ್ಟುಹೋಗುತ್ತಿತ್ತು. ನನಗೋ ಒಳಗೊಳಗೇ ಭಯ. ಇದು ಬೀಗ ಒಡೆಯುವುದಾಗುವುದಿಲ್ಲವೇ, ಕಂಪನಿಯವರು ಕೇಸ್ ಹಾಕಿದರೆ ಅಂತ ಕೇಳಿದೆ. ಅವನು ಹೇಳಿದ, ಅವರ ಸಾಫ್ಟ್‌ವೇರನ್ನು ನಾವು ಮುಟ್ಟಿಲ್ಲ, ಅವರ ಅಕ್ಷರದ ಅಚ್ಚನ್ನೂ ನಕಲು ಮಾಡಿಲ್ಲ. ಚೀಲ ಅವರದು, ಕಾಳು ನಮ್ಮದು, ನಮ್ಮ ಕಾಳನ್ನು ನಮ್ಮ ಚೀಲಕ್ಕೆ ತುಂಬಿಕೊಳ್ಳುತ್ತಿದ್ದೇವೆ, ಅಷ್ಟೇ. ಹೊಸ ಚೀಲ ಅಂದರೆ ಯುನಿಕೋಡ್, ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ಕನ್ನಡ ಕನ್ನಡವಾಗಿಯೇ ಕಾಣುವ ವ್ಯವಸ್ಥೆ. ನೀವು ಹೇಳಿದ್ದೂ ಹೆಚ್ಚುಕಡಿಮೆ ಇದೇ ಅಲ್ಲವೇ? ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನು ಬರೆದ ಪ್ರೋಗ್ರಾಂ ಓಡಿಸಿ, "ವಂದಿರುಚ್ಚು ಅಣ್ಣಾ, ಬಂತು, ನೀವೇ ಓದಿ ಹೇಳಿ" ಅಂದ. ಓದಿದೆ. ಹತ್ತನೇ ತರಗತಿಯ ಮಕ್ಕಳಿಗೆ ಗಣಿತ. ಅಧ್ಯಾಯ ಒಂದು. ಪುಟದ ಮೇಲೆ ಪುಟ, ನಿಮ್ಮ ಗುಲಾಬಿ ತೋಟ, ನಿಮ್ಮ ಬಸ್ಸು, ಎಲ್ಲ ಬಂದವು. ನಾನು ಅತ್ತುಬಿಟ್ಟೆ ಮೇಷ್ಟ್ರೇ, ಅಂಗಡಿಯಲ್ಲಿ ಗಿರಾಕಿ ಇದ್ದರೂ. ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು. ಹಗುರಾಯಿತು ಅಂದರೆ ಎಷ್ಟು ಹಗುರ ಅಂತ ನಿಮಗೆ ಹೇಗೆ ಹೇಳಲಿ? ಆವತ್ತು ಸೆಲ್ವಂನನ್ನು ಕರೆದುಕೊಂಡು ಹೋಗಿ ಎರಡು ಪ್ಲೇಟ್ ಬಿರಿಯಾನಿ ತಿನ್ನಿಸಿದೆ, ನಾನೂ ಎರಡು ತಿಂದೆ.

ನೀವು ನನಗೆ ಹೇಳದೆ ಒಂದು ಕೆಲಸ ಮಾಡಿದ್ದಿರಿ, ಅದೂ ಆವತ್ತೇ ಗೊತ್ತಾಯಿತು. ನಾನು ಜೂಜುವಾಡಿಗೆ ಪತ್ರಿಕೆ ಕೊಟ್ಟುಬರಲು ಹೋಗಿದ್ದಾಗ ಅಂಗಡಿ ನೋಡಿಕೊಳ್ಳುತ್ತಿದ್ದಿರಲ್ಲ, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಒಂದು ಮುನ್ನುಡಿ ಬರೆದಿಟ್ಟಿದ್ದಿರಿ. ಎಂಟೇ ಸಾಲು. ಈ ಪುಸ್ತಕವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು, ಜೆರಾಕ್ಸ್ ಮಾಡಿಕೊಳ್ಳಬಹುದು, ಇನ್ನೊಬ್ಬರಿಗೆ ಕೊಡಬಹುದು, ತಪ್ಪು ಕಂಡರೆ ತಿದ್ದಬಹುದು, ನನ್ನನ್ನು ಕೇಳಬೇಕಾಗಿಲ್ಲ ಅಂತ. ಸೆಲ್ವಂಗೆ ತಮಿಳಿನಲ್ಲಿ ಹೇಳಿದೆ. ಅವನು ನಕ್ಕು, ನಮ್ಮ ಮುಕ್ತ ಸಾಫ್ಟ್‌ವೇರಿನವರು ಇದನ್ನೇ ಲೈಸೆನ್ಸ್ ಅಂತ ಇಂಗ್ಲಿಷಿನಲ್ಲಿ ಹತ್ತು ಪುಟ ಬರೆಯುತ್ತಾರೆ ಅಂದ.

ಲಲಿತಮ್ಮನವರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅರಿಶಿನದ ವಿಷಯವನ್ನೂ ಬಿಡಲಿಲ್ಲ. ಅವರು ಬೈಯುತ್ತಾರೆ ಅಂದುಕೊಂಡು ತಲೆ ತಗ್ಗಿಸಿ ನಿಂತಿದ್ದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅವ್ರು ಬರೆದಿದ್ದು ಹೋಗ್ಬುಟ್ಟಿಲ್ವಲ್ಲ ಮಂಜು, ಅಷ್ಟು ಸಾಕು. ಎರಡು ವರ್ಷ ಈ ಕಡೆ ತಲೆ ಹಾಕ್ಲಿಲ್ಲ ನೋಡು, ಅದೊಂದಕ್ಕೆ ಬೇಜಾರು ನಂಗೆ" ಅಂದರು. ಅರಿಶಿನ ಮೆತ್ತಿದ್ದಕ್ಕೆ ಮಾತ್ರ ನಗು ತಡೆಯಲಾಗದೆ ಒಳಗೆ ಹೋದರು. ಊಟ ಮಾಡಿಸಿಯೇ ಕಳಿಸಿದ್ದು.

ಈಗ ಪುಸ್ತಕ ಓಡಾಡುತ್ತಿದೆ. ಸೆಲ್ವಂ ಸೀಡಿ ಮಾಡಿಕೊಟ್ಟ, ನಾನು ಒಂದೊಂದು ಕನ್ನಡ ಶಾಲೆಗೂ ಒಂದೊಂದು ಕೊಟ್ಟುಬಂದೆ. ಅವರು ಪ್ರಿಂಟ್ ತೆಗೆದು ಜೆರಾಕ್ಸ್ ಮಾಡಿ, ಆ ಜೆರಾಕ್ಸಿನ ಜೆರಾಕ್ಸ್ ತೆಗೆದು... ಅಕ್ಷರ ಮಾಸಿದ ಒಂದು ಪ್ರತಿ ಮೊನ್ನೆ ತಳಿ ಊರಿನ ಕಡೆಯ ಬಸ್ಸಿನಲ್ಲಿ ಯಾರದೋ ಮಡಿಲಲ್ಲಿ ಕಂಡೆ. ಮೊದಲಾಗಿದ್ದರೆ, ಯಾರನ್ನು ಕೇಳಿ ಮಾಡಿಕೊಂಡಿರಿ ಅಂತ ಕೇಳುವವನು ನಾನು. ಈಗ ಸುಮ್ಮನೆ ಕಿಟಕಿ ಪಕ್ಕ ಕೂತು ಬಂದೆ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಹೇಳಲು ಸ್ವಲ್ಪ ಹೆದರಿಕೆ, ಆದರೂ ಹೇಳುತ್ತೇನೆ. ಹೋದ ವಾರ ಕೆಲಮಂಗಲದಿಂದ ಒಂದು ಚೀಟಿ ಬಂತು, ರೂಪಾ ಅಂತ, ಹತ್ತನೇ ತರಗತಿ. ಏಳನೇ ಅಧ್ಯಾಯದ ಹನ್ನೊಂದನೇ ಲೆಕ್ಕ: ಒಂದು ಕೊಳಾಯಿ ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಒಂಬತ್ತು ಗಂಟೆಯಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ಬಿಟ್ಟರೆ ತೊಟ್ಟಿ ತುಂಬಲು ಎಷ್ಟು ಹೊತ್ತು? ನೀವು ಕೊಟ್ಟ ಉತ್ತರ ಮೂರು ಗಂಟೆ ಮೂವತ್ತಾರು ನಿಮಿಷ. ಆ ಹುಡುಗಿ ಬರೆದಿದ್ದಳು, ಸಾರ್ ಎರಡು ಕೊಳಾಯಿಯೂ ತುಂಬಿಸುತ್ತವೆ ಅಂತ ಕೂಡಿಬಿಟ್ಟಿದ್ದಾರೆ, ಇಲ್ಲಿ ಕಳೆಯಬೇಕು, ಹದಿನೆಂಟು ಗಂಟೆ ಆಗುತ್ತದೆ. ನನಗೆ ಮೈ ಉರಿಯಿತು. ನಿಮ್ಮನ್ನು ತಿದ್ದುವಷ್ಟು ದೊಡ್ಡವಳೇ ಇವಳು ಅಂತ ಪೇಪರ್ ತೆಗೆದು ನಾನೇ ಮಾಡಿದೆ. ಹದಿನೆಂಟು. ಇನ್ನೊಂದು ಸಲ ಮಾಡಿದೆ, ಹದಿನೆಂಟೇ. ಲಲಿತಮ್ಮನವರಿಗೆ ಫೋನ್ ಮಾಡಿ ಹೇಳಿದರೆ ಅವರು, ತಿದ್ದಪ್ಪಾ ಮತ್ತೆ, ಇನ್ನೇನು ನೋಡ್ತಿದ್ದೀಯ ಅಂದರು.

ಫೈಲು ತೆರೆದೆ. ಹದಿನೆಂಟು ಗಂಟೆ ಅಂತ ಹಾಕಿ, ಕೆಳಗೆ ಸಣ್ಣದಾಗಿ ಬರೆದೆ: ತಿದ್ದಿದವರು, ರೂಪಾ, ಕೆಲಮಂಗಲ. ಯಾವ ಕಂಪನಿಯನ್ನೂ ಕೇಳಲಿಲ್ಲ, ನಿಮ್ಮನ್ನೂ ಕೇಳಲಿಲ್ಲ. ಹೊಸ ಸೀಡಿ ಇವತ್ತು ಬೆಳಿಗ್ಗೆಯ ಬಸ್ಸಿನಲ್ಲಿ ಹೋಯಿತು.

ನಿಮ್ಮ ಪುಸ್ತಕದಲ್ಲಿ ಒಂದು ತಪ್ಪಿತ್ತು ಮೇಷ್ಟ್ರೇ. ಈಗ ಇಲ್ಲ.

ನಿಮ್ಮ
ಮಂಜ